ಹಣೆಪಟ್ಟಿ ಬಿಗಿದಷ್ಟು ಹೊತ್ತು

ಲುಗಾಂಗ್
೨೦ ಸೆಪ್ಟೆಂಬರ್ ೧೯೯೭

ಎಲೈ ಸುನ್‌ಗಿನ್!

ಹೆದರಬೇಡ, ಸತ್ತಿಲ್ಲ. ಜೀವಂತ ಪೆಕ್‌ಹೋ ಬರೆಯುತ್ತಿದ್ದೇನೆ. ಹನ್ನೆರಡು ವರ್ಷ ನಿನ್ನೆದುರು ಗಡ್ಡ ಕಟ್ಟಿ, ಕತ್ತಿ ಹಿರಿದು, ಸೇನಾಪತಿಯಾಗಿ ಗುಡುಗಿದವಳು. ನಾನು ರಂಗಕ್ಕೆ ಕಾಲಿಟ್ಟರೆ ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲಿಗೆ ಓಡುತ್ತಿದ್ದವು, ನೆನಪಿದೆಯೆ? ಆ ಸಿಂಹ ಈಗ ಊಟದ ಮೇಜಿನ ಮುಂದೆ ಪೆನ್ನು ಹಿಡಿದು ಬೆಕ್ಕಿನಂತೆ ಕೂತಿದೆ.

ಸಂಗತಿ ಇಷ್ಟು. ನಮ್ಮ ಕಂಪನಿಯನ್ನು ಈಗ ನನ್ನ ತಮ್ಮನ ಮಗಳು ಲೇಹುನ್ ನಡೆಸುತ್ತಾಳೆ. ಅವಳ ಹುಡುಗಿಯರು ಚೆನ್ನಾಗಿ ಹಾಡುತ್ತಾರೆ, ಚೆನ್ನಾಗಿ ಕುಣಿಯುತ್ತಾರೆ, ಆದರೆ ಕಾಗದದಲ್ಲಿ ಬರೆದುಕೊಡದೆ ಒಂದು ಮಾತೂ ಆಡಲಾರರು. ನಮಗೆ ಬರೆದ ನಾಟಕ ಎಲ್ಲಿತ್ತು? ಕಥೆ ಹೇಳುವ ಮೇಷ್ಟ್ರು ಚೌಕಿಯಲ್ಲಿ ಸಿಗರೇಟು ಹಚ್ಚಿ, "ಇವತ್ತು ಸೇನಾಪತಿ ಸೋತು ಓಡಿಬರ್ತಾನೆ, ಅಂಬಿಗಿತ್ತಿ ಹೊಳೆ ದಾಟಿಸ್ತಾಳೆ. ಎರಡನೇ ಸಲ ಗೆಲ್ಲೋಕೆ ಹೋಗ್ತಾನೆ, ದಾಟಿಸ್ತಾಳೆ. ಮೂರನೇ ಸಲ ಮುದುಕನಾಗಿ ಬರ್ತಾನೆ. ಹೋಗಿ ಆಡ್ರಿ" ಎಂದರೆ ಮುಗಿಯಿತು. ಜಾಗಟೆ ಬಿದ್ದರೆ ಮಾತು ತಾನಾಗಿ ಬರುತ್ತಿತ್ತು.

ಆ 'ಮೂರು ದಾಟು' ಈಗ ನನ್ನ ತಲೆಯಲ್ಲಿ ಮಾತ್ರ ಉಳಿದಿದೆ. ಕಡಲು ಕಾಯುವ ಮಾಝು ತಾಯಿಯ ಹುಟ್ಟುಹಬ್ಬಕ್ಕೆ ಅದನ್ನೇ ಆಡಿಸಬೇಕೆಂದು ಲೇಹುನ್ ಹಟ ಹಿಡಿದಿದ್ದಾಳೆ. "ಅತ್ತೆ, ನೀನು ಬರೆದುಕೊಟ್ರೆ ಕಂಪನಿ ಉಳಿಯುತ್ತೆ. ಇಲ್ದಿದ್ರೆ ಗುಡಿಯೋರು ಪರದೆ ಕಟ್ಟಿ ಸಿನಿಮಾ ತೋರಿಸ್ತಾರಂತೆ. ಆಮೇಲೆ ಈ ಪೆಟ್ಟಿಗೆಗಳನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದಳು. ಅವಳು ಅಳಲಿಲ್ಲ, ಅತ್ತಿದ್ದರೆ ಬೈಯಬಹುದಿತ್ತು.

ಕೂತರೆ ಒಂದಕ್ಷರ ಹುಟ್ಟುವುದಿಲ್ಲ. ನೊಣ ನೋಡುತ್ತೇನೆ. ಚಹಾ ಮಾಡುತ್ತೇನೆ. ಚಹಾ ಆರಿತೆಂದು ಮತ್ತೆ ಮಾಡುತ್ತೇನೆ. ನಿನ್ನ ಊರಿಂದ ಬಂದ ಲಾರಿಯವನೊಬ್ಬ, ಹುವಾಲಿಯೆನ್‌ನಲ್ಲಿ ನೀನು ಬೆಳಗಿನ ತಿಂಡಿ ಅಂಗಡಿ ಇಟ್ಟಿರುವೆ, ಬಿರುಗಾಳಿ ಬಂದರೂ ಒಂದು ದಿನ ಬಾಗಿಲು ಹಾಕಿದವಳಲ್ಲ ಎಂದ. ಹೇಗೆ ಸಾಧ್ಯವಾಯಿತೇ ಅದು? ನನಗೂ ಹೇಳಿಕೊಡು.

ಫೋನು ಮಾಡಬೇಡ. ಕಿವಿ ಹೋಗಿದೆ. ಎದುರು ನಿಂತು ಕೂಗಿದರೆ ಅರ್ಧ ಕೇಳುತ್ತದೆ, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತೇನೆ.

ಕತ್ತಿಗೆ ತುಕ್ಕು ಹಿಡಿದ ನಿನ್ನ ಸೇನಾಪತಿ,
ಪೆಕ್‌ಹೋ


ಹುವಾಲಿಯೆನ್
೫ ಅಕ್ಟೋಬರ್ ೧೯೯೭

ಪೆಕ್‌ಹೋ ಅಕ್ಕನಿಗೆ,

ಕಾಗದ ಬಂದಾಗ ಅಂಗಡಿ ತುಂಬ ಜನ. ಏಪ್ರನ್ ಜೇಬಿನಲ್ಲಿಟ್ಟುಕೊಂಡೆ, ಎಣ್ಣೆ ಕಲೆಯಾಗಿದೆ. ಮೂವತ್ತು ವರ್ಷದ ಮೇಲೆ ಬಂದ ಕಾಗದ, ಇನ್ನೊಂದು ಗಂಟೆ ಕಾದರೆ ಏನೂ ಆಗುವುದಿಲ್ಲ ಅಂದುಕೊಂಡೆ.

ನನ್ನ ಗಂಡ ತೀರಿಕೊಂಡು ಆರು ವರ್ಷವಾಯಿತು. ಮಗಳು ತೈಪೆಯಲ್ಲಿದ್ದಾಳೆ. ಸೊಂಟ ನೋವಿದೆ. ಬೇರೆ ವಿಶೇಷವಿಲ್ಲ.

ನೀನು ನನ್ನ ಮದುವೆಗೆ ಬರಲಿಲ್ಲ. ಕಾರಣ ಕೇಳುತ್ತಿಲ್ಲ, ಹೇಳಿದೆ ಅಷ್ಟೆ.

ನೀನು ಕೇಳಿದ್ದಕ್ಕೆ ಉತ್ತರ: ಒಂದೇ ಹೊತ್ತು, ಒಂದೇ ಜಾಗ, ಸ್ವಲ್ಪವೇ ಕೆಲಸ. ನಾಳೆಯೂ ಅದೇ. ಇದರಲ್ಲಿ ಗುಟ್ಟೇನೂ ಇಲ್ಲ.

ಸುನ್‌ಗಿನ್


ಲುಗಾಂಗ್
೧೮ ಅಕ್ಟೋಬರ್ ೧೯೯೭

ಭಲೆ ಸುನ್‌ಗಿನ್, ಭಲೆ!

ಒಂದೇ ಹೊತ್ತು ಎಂದೆಯಲ್ಲ, ಬೆಳಗ್ಗೆ ಆರು ಗಂಟೆ ನಿಶ್ಚಯಿಸಿದೆ. ಒಂದೇ ಜಾಗ ಎಂದೆ, ಅಂಗಳ ಗುಡಿಸಿ ಮೇಜು ಹಾಕಿಸಿದೆ. ಆದರೆ ಪಾತ್ರವಾಗದೆ ಮಾತು ಹೇಗೆ ಬಂದೀತು ಎಂದು ಪೆಟ್ಟಿಗೆ ತೆಗೆಸಿದೆ.

ಮುಖಕ್ಕೆ ಬಿಳಿ ಬಳಿದೆ, ಕೆಂಪು ತೀಡಿದೆ, ಹುಬ್ಬು ಎಳೆದೆ. ಹಣೆಪಟ್ಟಿ ಬಿಗಿದೆ. ಬೆನ್ನಿಗೆ ನಾಲ್ಕು ಬಾವುಟ, ಎದೆಗೆ ಕವಚ, ದಪ್ಪ ಅಡಿಯ ಬೂಟು, ಮೊಣಕಾಲವರೆಗೆ ಗಡ್ಡ. ಲೇಹುನ್ ಅದರ ಹುರಿ ಕಟ್ಟುತ್ತಾ, "ಅತ್ತೆ, ಬರೆಯೋಕೆ ಹೊರಟಿದೀಯೋ ಯುದ್ಧಕ್ಕೆ ಹೊರಟಿದೀಯೋ?" ಎಂದಳು. "ಎರಡೂ ಒಂದೇ ಕಣೇ!" ಎಂದು ಗರ್ಜಿಸಿದೆ. ಜಾಗಟೆಯ ಹುಯಿ ಮುದುಕನನ್ನೂ ಕರೆಸಿದ್ದೆ. ಜಾಗಟೆ ಬೀಳದೆ ನಾನು ಯಾವತ್ತು ಬಾಯಿ ತೆರೆದಿದ್ದೇನೆ?

ಹುಯಿ ಬಾರಿಸಿದ. ನನಗೆ ಕೇಳಿಸಲಿಲ್ಲ. ಕೈಸನ್ನೆ ಮಾಡಿ ಜೋರಾಗಿ ಎಂದೆ, ಅವನು ಜೋರಾಗಿ ಬಾರಿಸಿದ. ಓಣಿಗೆ ಓಣಿಯೇ ಎದ್ದು ಬಂತು. ಕಡಲ ಸಿಂಪಿಯ ಚಿಪ್ಪು ಸುಲಿಯುವ ಹೆಂಗಸರು ಬುಟ್ಟಿ ಸಮೇತ ಬಂದು ಗೋಡೆಯುದ್ದಕ್ಕೂ ಕೂತರು. "ಯಾವ ದೇವರ ಹಬ್ಬಾನಮ್ಮ ಇವತ್ತು?" "ಅಯ್ಯೋ, ಪೆಕ್‌ಹೋ ಅಜ್ಜಿಗೆ ತಲೆ ಕೆಟ್ಟಿದೆ ಅನ್ಸುತ್ತೆ." "ಇರಲಿ ಸುಮ್ನಿರೇ, ಪುಕ್ಕಟೆ ನಾಟಕ!" ಇದನ್ನೆಲ್ಲ ಲೇಹುನ್ ಆಮೇಲೆ ಚೀಟಿಯಲ್ಲಿ ಬರೆದು ತೋರಿಸಿ ನಕ್ಕಳು. ಜನ ಕೂತ ಮೇಲೆ ಸುಮ್ಮನಿರಲು ನನ್ನಿಂದಾಗುತ್ತದೆಯೆ? ಎರಡು ಗಂಟೆ ಆಡಿದೆ. ಚಪ್ಪಾಳೆ ಬಿತ್ತು, ಅದು ಕಣ್ಣಿಗೆ ಕಂಡಿತು.

ಕಾಗದದ ಮೇಲೆ ಬಿದ್ದದ್ದು ಬೆವರಿನ ಹನಿಗಳು ಮಾತ್ರ. ಬಣ್ಣ ತೊಳೆದು ಮಲಗಿದವಳು ಮೂರು ದಿನ ಏಳಲಿಲ್ಲ.

ನಗಬೇಡ. ನಗುತ್ತಿದ್ದೀಯ, ಗೊತ್ತು.

ಸೊಂಟಕ್ಕೆ ಶುಂಠಿ ಬೇಯಿಸಿದ ಎಣ್ಣೆ ಹಚ್ಚು.

ಸೋತು ಓಡಿಬಂದ
ಪೆಕ್‌ಹೋ


ಹುವಾಲಿಯೆನ್
೨ ನವೆಂಬರ್ ೧೯೯೭

ಅಕ್ಕಾ,

ಮೊದಲು ಹೇಳಿಬಿಡುತ್ತೇನೆ, ನಕ್ಕೆ. ಬಿಸಿ ಸೋಯಾ ಹಾಲು ಕೈಮೇಲೆ ಚೆಲ್ಲಿಕೊಂಡೆ. ಗಿರಾಕಿಯೊಬ್ಬ, "ಯಜಮಾನ್ತಿಗೆ ಏನಾಯ್ತು? ಇವರು ನಕ್ಕಿದ್ದು ಇವತ್ತೇ ನೋಡಿದ್ದು" ಎಂದ. ಬೆಳಿಗ್ಗೆಯ ಗಿರಾಕಿ, ಹೆಚ್ಚು ಮಾತಾಡುತ್ತಾನೆ.

ನೀನು ಯಾವಾಗಲೂ ಹೀಗೆ. ಒಂದು ಲೋಟ ನೀರು ಕುಡಿಯಲು ಸಮುದ್ರ ತರಿಸುತ್ತೀಯ. ಬಾವುಟ, ಬೂಟು, ಗಡ್ಡ ಎಲ್ಲ ಪೆಟ್ಟಿಗೆಗೆ ಹಾಕು. ಹುಯಿಯನ್ನು ಮನೆಗೆ ಕಳಿಸು. ಹಣೆಪಟ್ಟಿ ಒಂದನ್ನು ಮಾತ್ರ ಇಟ್ಟುಕೋ.

ಚಿಕ್ಕವರಿದ್ದಾಗ ಮೇಷ್ಟ್ರು ನಮಗೆ ಹೇಳುತ್ತಿದ್ದುದು ನೆನಪಿದೆಯಾ? ಒದ್ದೆ ಪಟ್ಟಿ ಹಣೆಗೆ ಬಿಗಿದು, ಹುಬ್ಬು ಮೇಲೆ ಸೆಳೆದುಕೊಂಡಿತೆಂದರೆ ಆಮೇಲೆ ನೀನು ನೀನಲ್ಲ. ತಿನ್ನುವ ಹಾಗಿಲ್ಲ, ಚಾಡಿ ಹೇಳುವ ಹಾಗಿಲ್ಲ, ನೊಣ ಓಡಿಸುವ ಹಾಗೂ ಇಲ್ಲ. ಬಿಚ್ಚುವವರೆಗೆ ಪಾತ್ರ. ಪಟ್ಟಿ ಒಣಗುತ್ತಾ ಹೋದಂತೆ ಬಿಗಿಯುತ್ತದೆ, ತಲೆ ಸಿಡಿಯುತ್ತದೆ. ಆಗ ಬಿಚ್ಚು, ಎದ್ದು ಹೋಗು. ಅಷ್ಟು ಹೊತ್ತು ಸಾಕು. ಗಡಿಯಾರ ನೋಡಬೇಡ.

ಇನ್ನೊಂದು. ನಾನು ಸೋಯಾ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತೇನೆ. ಬೆಳಿಗ್ಗೆ ಎದ್ದಾಗ ಅರ್ಧ ಕೆಲಸ ಕತ್ತಲೆಯಲ್ಲೇ ಆಗಿರುತ್ತದೆ. ನೀನೂ ಮಾತನ್ನು ಪೂರ್ತಿ ಮುಗಿಸಿ ಏಳಬೇಡ. ಅರ್ಧಕ್ಕೆ ಬಿಟ್ಟು ಏಳು. ನೆನೆಯಲಿ.

ಶುಂಠಿ ಎಣ್ಣೆ ಹಚ್ಚಿದೆ. ಪರವಾಗಿಲ್ಲ.

ಸುನ್‌ಗಿನ್


ಲುಗಾಂಗ್
೨೫ ನವೆಂಬರ್ ೧೯೯೭

ನನ್ನ ಸುನ್‌ಗಿನ್,

ಪಟ್ಟಿ ಬಿಗಿದೆ! ಒದ್ದೆ ಮಾಡಿ, ಹಿಂದಕ್ಕೆಳೆದು, ಗಂಟು ಹಾಕಿ, ರಾತ್ರಿ ಉಡುಗೆಯಲ್ಲೇ ಮೇಜಿಗೆ ಕೂತೆ. ಕನ್ನಡಿಯಲ್ಲಿ ಕಂಡದ್ದೇನು ಗೊತ್ತೆ? ಹುಬ್ಬು ಸೇನಾಪತಿಯದು, ಕೆಳಗೆ ಹೂವಿನ ಪೈಜಾಮ. ಆದರೂ ಒಳಗೆ ಯಾರೋ ಎದ್ದು ನಿಂತರು. ನೊಣ ಬಂತು, ಮೂಗಿನ ಮೇಲೆ ಕೂತಿತು, ಅದರ ಪಾಡಿಗೆ ಹಾರಿಹೋಯಿತು. ಮೊದಲ ದಿನ ನಾಲ್ಕು ಸಾಲು. ಎರಡನೆಯ ದಿನ ಅದರಲ್ಲಿ ಎರಡು ಹೊಡೆದುಹಾಕಿದೆ. ಮೂರನೆಯ ದಿನ ಒಂದೂ ಬರಲಿಲ್ಲ, ಆದರೆ ತಲೆ ಸಿಡಿಯುವವರೆಗೆ ಕೂತೆ. ಆ ದಿನ ಎದ್ದಾಗ ನನಗೆ ಹೆಚ್ಚು ಹೆಮ್ಮೆಯಾಯಿತು. ಏಕೋ ತಿಳಿಯದು.

ಒಂದು ಕಷ್ಟವಿದೆ. ಸೇನಾಪತಿ ಹೊಳೆಯ ದಡಕ್ಕೆ ಓಡಿಬಂದು, "ಯಾರಲ್ಲಿ! ದೋಣಿ ತಾ!" ಎಂದು ಅಬ್ಬರಿಸುತ್ತಾನೆ. ಆಮೇಲೆ? ಆಮೇಲೆ ನೀನು ಏನಾದರೂ ಅನ್ನುತ್ತಿದ್ದೆ. ನೀನು ಅಂದದ್ದಕ್ಕೆ ನಾನು ಎಗರಿ ಬೀಳುತ್ತಿದ್ದೆ. ನಾನು ಎಗರಿದ್ದಕ್ಕೆ ನೀನು ಚುಚ್ಚುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಈಗ ನನ್ನೆದುರು ಸುಣ್ಣ ಬಳಿದ ಗೋಡೆ. ಎಷ್ಟು ಅಬ್ಬರಿಸಿದರೂ ಚುಚ್ಚುವುದಿಲ್ಲ.

ಒಂದು ಮಾತು ಎಸೆ. ಒಂದೇ ಒಂದು. ಹಿಡಿದುಕೊಳ್ಳುತ್ತೇನೆ.

ದಡದಲ್ಲಿ ನಿಂತ
ಪೆಕ್‌ಹೋ


ಹುವಾಲಿಯೆನ್
೮ ಡಿಸೆಂಬರ್ ೧೯೯೭

ದಡದಲ್ಲಿ ನಿಂತವರಿಗೆ,

"ದೋಣಿ ಇದೆ ದೊರೆ. ಆದ್ರೆ ನನ್ನ ದೋಣಿಗೆ ಇಬ್ಬರ ಭಾರ ಮಾತ್ರ ತಡೆಯೋದು. ನೀವು ಬರ್ತೀರೋ, ನಿಮ್ಮ ಗರ್ವ ಬರುತ್ತೋ?"

ಗಿರಾಕಿ ಬಂದರು. ಇವತ್ತಿಗೆ ಇಷ್ಟು. ಭಾನುವಾರ ಇನ್ನೊಂದು ಕಳಿಸುತ್ತೇನೆ.

ಅಂಬಿಗಿತ್ತಿ

(ಬರೆದು ಮುಗಿಸಿದ ಮೇಲೆ ನೋಡಿದರೆ ಹಿಟ್ಟಿನ ಕಡ್ಡಿಗಳು ಎಣ್ಣೆಯಲ್ಲಿ ಕಪ್ಪಾಗಿದ್ದವು. ಇಷ್ಟು ವರ್ಷದಲ್ಲಿ ಮೊದಲ ಸಲ.)


ಲುಗಾಂಗ್
೧೦ ಫೆಬ್ರವರಿ ೧೯೯೮

ಚುಚ್ಚುವ ಸುನ್‌ಗಿನ್,

ಒಂದನೆಯ ದಾಟು ಮುಗಿಯಿತು. ಎರಡನೆಯದೂ ಮುಗಿಯಿತು! ನಿನ್ನ ಭಾನುವಾರದ ಮಾತುಗಳು ಬರುತ್ತಿದ್ದಂತೆ ಅಂಚೆಯವನಿಗೂ ಗೊತ್ತಾಗಿಹೋಗಿದೆ. ಲಕೋಟೆ ಕೊಟ್ಟು, "ಅಂಬಿಗಿತ್ತಿ ಈ ವಾರ ಏನಂದ್ಲು ಅಜ್ಜಿ?" ಎಂದು ನನ್ನ ಕಿವಿಯ ಹತ್ತಿರ ಕೂಗುತ್ತಿದ್ದ. ಹುಡುಗಿಯರು ಎರಡು ದಾಟಿನ ತಾಲೀಮು ಶುರು ಮಾಡಿದ್ದಾರೆ. ಲೇಹುನ್ ಬಾಗಿಲ ಸಂದಿಯಲ್ಲಿ ನಿಂತು ನಾನು ಬರೆಯುವುದನ್ನು ನೋಡಿ, ಪಟ್ಟಿ ಕಂಡರೆ ಹಿಂದೆ ಸರಿಯುತ್ತಾಳೆ. ನಮ್ಮ ಬೆಕ್ಕಿಗೂ ಪಟ್ಟಿಯ ಅರ್ಥ ತಿಳಿದಿದೆ.

ಆದರೆ ಹೊಸವರ್ಷದ ಹಬ್ಬದಲ್ಲಿ ಬಿಟ್ಟುಹೋಯಿತು. ನೆಂಟರು, ಮೂಲಂಗಿ ಕಡುಬು, ಆಮೇಲೆ ಜ್ವರ. ಒಂದು ವಾರಕ್ಕೂ ಮೇಲೆ ಪಟ್ಟಿ ಮುಟ್ಟಲಿಲ್ಲ. ಅದು ಮೊಳೆಗೆ ನೇತುಬಿದ್ದು ನನ್ನನ್ನೇ ನೋಡುತ್ತಿತ್ತು. ಎಲ್ಲ ಹಾಳಾಯಿತು, ಇನ್ನು ಕೂತರೇನು ಬಿಟ್ಟರೇನು ಎಂದು ಹಾಸಿಗೆಯಲ್ಲಿ ದುರಂತ ನಾಟಕದ ಕೊನೆಯ ಅಂಕ ಆಡಿದೆ. ನೋಡುವವರಿರಲಿಲ್ಲ, ಆದ್ದರಿಂದ ಬೇಗ ಬೇಸರವಾಯಿತು. ನಿನಗೆ ಇಂಥದ್ದು ಆಗುವುದೇ ಇಲ್ಲವೆ?

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಉಳಿದರ್ಧ ಕಿವಿಯೂ ಹೋಯಿತು. ಹುಯಿ ನನ್ನ ಪಕ್ಕದಲ್ಲೇ ಜಾಗಟೆ ಬಡಿದ, ಎದೆಯಲ್ಲಿ ಸ್ವಲ್ಪ ಅದುರಿತು, ಅಷ್ಟೆ. ಆದರೆ ಪಟ್ಟಿ ಬಿಗಿದು ಕೂತಾಗ ನಿನ್ನ ದನಿ ಕೇಳಿಸುತ್ತದೆ. ಆಗಿನ ದನಿ, ಇಪ್ಪತ್ತೇಳರ ದನಿ. ಈಗ ಹೇಗಿದೆಯೋ ನನಗೆ ತಿಳಿಯದು. ತಿಳಿಯುವ ದಾರಿಯೂ ಇನ್ನಿಲ್ಲ.

ಪೆಕ್‌ಹೋ


ಹುವಾಲಿಯೆನ್
೧೬ ಫೆಬ್ರವರಿ ೧೯೯೮

ದೊರೆ,

ಈಗಿನ ದನಿ ಹರಿದ ಡೋಲಿನಂತಿದೆ. ನೀನು ಕಳೆದುಕೊಂಡದ್ದು ಏನೂ ಇಲ್ಲ.

ಹಾಲು ಎಷ್ಟೋ ಸಲ ಒಡೆದಿದೆ. ಒಡೆದ ದಿನವೂ ಬಾಗಿಲು ತೆಗೆಯುತ್ತೇನೆ, ಬರಿ ಹಿಟ್ಟಿನ ಕಡ್ಡಿ ಮಾರುತ್ತೇನೆ. ಲಾರಿಯವನು ಸುಳ್ಳು ಹೇಳಿದ. ಗಂಡ ಹೋದಾಗ ನಾನು ಅಂಗಡಿ ಮುಚ್ಚಿದ್ದೆ, ಎಷ್ಟು ದಿನವೋ ಗೊತ್ತಿಲ್ಲ. ಆಮೇಲೆ ಒಂದು ಸಂಜೆ ಏನೂ ಯೋಚಿಸದೆ ಒಂದು ಹಿಡಿ ಕಾಳು ನೀರಿಗೆ ಹಾಕಿದೆ. ಹಾಕಿದ ಮೇಲೆ ಬೆಳಿಗ್ಗೆ ಏಳಲೇಬೇಕಾಯಿತು.

ಪಟ್ಟಿಯನ್ನು ಒದ್ದೆ ಮಾಡು. ಬರೆಯುವುದು ಆಮೇಲಿನ ಮಾತು.

ಸುನ್‌ಗಿನ್


ಲುಗಾಂಗ್
೨೬ ಫೆಬ್ರವರಿ ೧೯೯೮

ಸುನ್‌ಗಿನ್,

ಒದ್ದೆ ಮಾಡಿದೆ. ಬರೆದೆ. ಮೂರನೆಯ ದಾಟಿಗೆ ಬಂದು ನಿಂತಿದ್ದೇನೆ.

ಸೇನಾಪತಿ ಮುದುಕ. ಸೈನ್ಯವಿಲ್ಲ, ಕುದುರೆಯಿಲ್ಲ. ದಡದಲ್ಲಿ ನಿಂತು ಮೆಲ್ಲಗೆ, "ಅಂಬಿಗಿತ್ತೀ, ಇದ್ದೀಯಾ?" ಎನ್ನುತ್ತಾನೆ. ಅದಕ್ಕೆ ಅವಳು ಒಂದೇ ಒಂದು ಮಾತು ಹೇಳುತ್ತಾಳೆ. ಜನ ಅಳುತ್ತಾರೆ. ಪರದೆ ಬೀಳುತ್ತದೆ.

ಆ ಮಾತು ಯಾವುದು? ಪ್ರತಿ ಊರಲ್ಲೂ ನೀನು ಬೇರೆ ಬೇರೆ ಹೇಳುತ್ತಿದ್ದೆ. ನಾನು ಆಗ ಜನರಿಗೆ ಬೆನ್ನು ಮಾಡಿ, ಗಡ್ಡ ಸರಿ ಮಾಡಿಕೊಳ್ಳುತ್ತಾ ನಮಸ್ಕಾರಕ್ಕೆ ಸಿದ್ಧವಾಗುತ್ತಿದ್ದೆ. ನೀನು ಹೇಳಿದ್ದರಲ್ಲಿ ಒಂದನ್ನಾದರೂ ಕಳಿಸು. ಹಬ್ಬಕ್ಕೆ ಎರಡು ತಿಂಗಳೂ ಇಲ್ಲ, ಲೇಹುನ್‌ಗೆ ನಿದ್ದೆಯಿಲ್ಲ.

ಪೆಕ್‌ಹೋ


ಹುವಾಲಿಯೆನ್
೬ ಮಾರ್ಚ್ ೧೯೯೮

ಅಕ್ಕಾ,

ನೆನಪಿಲ್ಲ. ನೆನಪಿದ್ದರೂ ಕಳಿಸುತ್ತಿರಲಿಲ್ಲ.

ನೀನು ಆಯುಷ್ಯವೆಲ್ಲ ಹೊರಡುವವನ ಪಾತ್ರ ಮಾಡಿದೆ. ದಡದಲ್ಲಿ ಉಳಿದವಳ ಮಾತು ನಿನ್ನ ಬಾಯಲ್ಲಿ ಒಂದು ದಿನವೂ ಬಂದಿಲ್ಲ. ನಿಜವಾಗಿ ಮದುವೆಯಾಗಿ ಹೊರಟುಹೋದವಳು ನಾನು, ಕಂಪನಿಯಲ್ಲಿ ಉಳಿದವಳು ನೀನು. ಆದ್ದರಿಂದ ಅದು ನಿನ್ನ ಮಾತೇ.

ಈ ಭಾನುವಾರದಿಂದ ನಾನೇನೂ ಕಳಿಸುವುದಿಲ್ಲ. ಕೋಪವಿಲ್ಲ. ಹುಟ್ಟು ಹಿಡಿ.

ಸುನ್‌ಗಿನ್


ಲುಗಾಂಗ್
೨೯ ಮಾರ್ಚ್ ೧೯೯೮

ಸುನ್‌ಗಿನ್,

ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಸಿಂಪಿ ಸುಲಿಯುವವರು ಬುಟ್ಟಿ ಎತ್ತಿಕೊಂಡು ಓಡಿದರು. ಆಮೇಲೆ ದಿನವೂ ಕೂತೆ. ಪಟ್ಟಿ ಬಿಗಿಯುವುದು, ಕೂರುವುದು, ತಲೆ ಸಿಡಿಯುವುದು, ಏಳುವುದು. ಕಾಗದ ಬೆಳ್ಳಗೆ ಇತ್ತು. ಅಂಚೆಯವನು ಖಾಲಿ ಕೈ ತೋರಿಸಿ ತಲೆ ತಗ್ಗಿಸಿ ಹೋಗುತ್ತಿದ್ದ. ಲೇಹುನ್ ಒಂದು ಬೆಳಿಗ್ಗೆ ಚೀಟಿ ಬರೆದಿಟ್ಟಳು: "ಅತ್ತೆ, ಆಗದಿದ್ರೆ ಬಿಡು. ಸಿನಿಮಾನೇ ಹಾಕ್ಲಿ. ನೀನು ಮತ್ತೆ ಜ್ವರ ಬರಿಸ್ಕೋಬೇಡ." ಆ ಚೀಟಿಯ ಬೆನ್ನಿಗೆ, "ನಾಳೆಯೂ ಆರು ಗಂಟೆಗೆ ಪಟ್ಟಿಗೆ ನೀರು ಇಡು" ಎಂದು ಬರೆದುಕೊಟ್ಟೆ.

ಆಮೇಲೊಂದು ದಿನ ಪಟ್ಟಿ ಕೈಗೆತ್ತಿಕೊಂಡವಳು ಮತ್ತೆ ಮೊಳೆಗೆ ಹಾಕಿದೆ. ಅದು ಸೇನಾಪತಿಯ ಪಟ್ಟಿ. ಅದು ಹುಬ್ಬನ್ನು ಮೇಲಕ್ಕೆಳೆದರೆ ನಾನು ಹೊರಡುವವನೇ ಆಗುತ್ತೇನೆ. ವೇಷದ ಹಸಿರು ಪೆಟ್ಟಿಗೆಯ ತಳದಿಂದ ನಿನ್ನ ಅಂಬಿಗಿತ್ತಿಯ ಬಿದಿರು ಟೋಪಿ ತೆಗೆದೆ. ಹೌದು, ಇದೆ. ಅಂಚು ಹುಳು ತಿಂದಿದೆ. ಗಲ್ಲದ ಕೆಳಗಿನ ದಾರಕ್ಕೆ ಕೊನೆಯ ದಿನ ನೀನು ಹಾಕಿದ ಗಂಟು ಹಾಗೇ ಇದೆ. ಯಾರಿಗೂ ಬಿಚ್ಚಲು ಬಿಟ್ಟಿಲ್ಲ. ಗಂಟು ಬಿಚ್ಚದೆಯೇ ತಲೆಗೆ ಹಾಕಿಕೊಂಡೆ. ನಿನ್ನ ತಲೆ ನನ್ನದಕ್ಕಿಂತ ಚಿಕ್ಕದು, ದಾರ ಗಲ್ಲಕ್ಕೆ ಒತ್ತಿತು. ಹಾಗೇ ಕೂತೆ.

ದಡದಲ್ಲಿ ಕೂತವಳಿಗೆ ದಿನವೆಲ್ಲ ಏನು ಕೆಲಸ? ಅಬ್ಬರವಿಲ್ಲ, ಜಾಗಟೆಯಿಲ್ಲ. ಬರುವವನು ಬರುವುದಿಲ್ಲ. ಬೆಳಗಾಗುತ್ತದೆ. ಅವಳು ಏನಾದರೂ ಮಾಡಲೇಬೇಕಲ್ಲ, ದಿನಕ್ಕೆ ಒಂದು, ಸಣ್ಣದು. ಅದು ಏನೆಂದು ಕೇಳುತ್ತಾ ಕೂತಿದ್ದಾಗ ಮಾತು ಬಂತು. ಅಬ್ಬರಿಸಿಕೊಂಡು ಬರಲಿಲ್ಲ, ನೆನೆದ ಕಾಳು ಸಿಪ್ಪೆ ಬಿಡುವಷ್ಟು ಸದ್ದಿಲ್ಲದೆ ಬಂತು. ಇಲ್ಲಿದೆ, ನೋಡು:

ಸೇನಾಪತಿ: ಅಂಬಿಗಿತ್ತೀ, ಇದ್ದೀಯಾ? ದೋಣಿ ತರ್ತೀಯಾ?

ಅಂಬಿಗಿತ್ತಿ: ದೋಣಿ ಯಾಕೆ ದೊರೆ? ನೀವು ಹೋದ ಮಾರನೇ ದಿನದಿಂದ ದಿನಕ್ಕೊಂದು ಕಲ್ಲು ಹೊಳೆಗೆ ಹಾಕ್ತಾ ಬಂದಿದೀನಿ. ಬೂಟು ಕೈಲಿ ಹಿಡ್ಕೊಂಡು ನಡ್ಕೊಂಡೇ ಬನ್ನಿ.

ಪರದೆ.

ಓದಿ ಲೇಹುನ್ ನನ್ನ ಮೊಣಕಾಲಿಗೆ ತಲೆ ಇಟ್ಟಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಗುಡಿಯವರು ಸಿನಿಮಾ ಪರದೆ ಕಟ್ಟುವ ಬಿದಿರನ್ನು ವಾಪಸು ಕಳಿಸಿದ್ದಾರೆ. ನಾಟಕ ಇದೆ.

ನಾಟಕ ಬರೆದು ಮುಗಿದರೂ ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತದೆ. ಮೊನ್ನೆ ಪಟ್ಟಿ ಬಿಗಿದು ಇನ್ನೊಂದು ನಾಟಕದ ಮೊದಲ ಸಾಲು ಬರೆದೆ. ಅರ್ಧಕ್ಕೆ ಬಿಟ್ಟು ಎದ್ದೆ.

ನಿನ್ನ ಮದುವೆಯ ದಿನ ನಾನು ನಿಮ್ಮೂರಿನ ರೈಲು ನಿಲ್ದಾಣದವರೆಗೆ ಬಂದಿದ್ದೆ.

ಪೆಕ್‌ಹೋ


ಹುವಾಲಿಯೆನ್
೧೪ ಏಪ್ರಿಲ್ ೧೯೯೮

ದೊರೆ,

ಕಾಗದವನ್ನು ಗಿರಾಕಿಗಳ ಮುಂದೆಯೇ ಓದಿದೆ. ಹೆಚ್ಚು ಮಾತಾಡುವ ಗಿರಾಕಿ ತಾನೇ ಎದ್ದು ಒಲೆ ಆರಿಸಿದ.

ನಿಲ್ದಾಣದಲ್ಲಿ ನಿನ್ನನ್ನು ಕಂಡೆನೆಂದು ನನ್ನ ತಮ್ಮ ಆಗಲೇ ಹೇಳಿದ್ದ. ದೊಡ್ಡ ಹೂಮಾಲೆ ಹಿಡಿದು ಒಬ್ಬಳೇ ಬೆಂಚಿನ ಮೇಲೆ ಕೂತಿದ್ದೆಯಂತೆ. ಸಾಯಂಕಾಲದ ರೈಲಿನವರೆಗೂ ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. ಆ ಮಾತು ಅಲ್ಲಿಗೆ ಮುಗಿಯಿತು.

ಆ ಟೋಪಿಯ ಗಂಟು ನಿನಗೆ ಬಿಚ್ಚಲು ಬರುವುದಿಲ್ಲ. ಅಂಬಿಗರ ಗಂಟು ಅದು, ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯಬೇಕು. ಕಾಗದದಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕೈಯಲ್ಲೇ ತೋರಿಸಬೇಕು.

ಅಂಗಡಿಯ ಬಾಗಿಲಿಗೆ 'ಹಬ್ಬ ಮುಗಿಯುವವರೆಗೆ ರಜೆ' ಎಂದು ಹಲಗೆ ತೂಗುಹಾಕಿದ್ದೇನೆ. ಈಗ ಸಂಜೆ. ಪಾತ್ರೆಗಳನ್ನು ತೊಳೆದು ಬೋರಲು ಹಾಕಿದೆ.

ಇವತ್ತು ಕಾಳು ನೆನೆಹಾಕಿಲ್ಲ.

ನಿನ್ನ
ಸುನ್‌ಗಿನ್